ಮೇಲೆ ಥಳಕು, ಒಳಗೆ ಹುಳುಕು: ಹಳೆ ಸ್ಪೋರ್ಟ್ಸ್ ಕಾರಿನ ಖಾಲಿ ಬಾಡಿ ಕೊಳ್ಳುವ ಮುನ್ನ

ಧರ್ಮಸ್ಥಳಕ್ಕೆ ಹೋದವರು ದೇವರ ದರ್ಶನ, ಊಟ ಮುಗಿಸಿಕೊಂಡು ಅಲ್ಲಿನ ಹಳೆ ಕಾರುಗಳ ಸಂಗ್ರಹಾಲಯಕ್ಕೂ ಒಂದು ಸುತ್ತು ಹಾಕಿ ಬರುವುದುಂಟು. ಸಾಲಾಗಿ ನಿಂತು ಮಿರಮಿರ ಮಿಂಚುವ ಕಾರುಗಳನ್ನು ಕಂಡು "ನಮ್ಮ ಹತ್ರಾನೂ ಇಂಥದ್ದೊಂದು ಇದ್ದಿದ್ರೆ" ಎಂದುಕೊಳ್ಳದೆ ಹೊರಬರುವವರು ಕಡಿಮೆ. ಆಸೆ ಅಲ್ಲಿಗೇ ಮುಗಿದರೆ ಸರಿ. ಕೆಲವರಿಗೆ ಊರಿಗೆ ಬಂದ ಮೇಲೂ ಆ ಹುಚ್ಚು ಇಳಿಯುವುದಿಲ್ಲ. ಗುಜರಿ ಅಂಗಡಿ, ಮುಚ್ಚಿದ ಗ್ಯಾರೇಜು, ತೋಟದ ಶೆಡ್ಡು ಅಂತ ಹುಡುಕಿಕೊಂಡು ಅಲೆಯುತ್ತಾರೆ.

ಎಲ್ಲೋ ಒಂದು ಕಡೆ ಎರಡು ಬಾಗಿಲಿನ ವಿಲಾಯತಿ ಸ್ಪೋರ್ಟ್ಸ್ ಕಾರಿನ ಬಾಡಿ ಕಣ್ಣಿಗೆ ಬೀಳುತ್ತದೆ. ಎಂಜಿನ್ ಇಲ್ಲ, ಚಕ್ರವಿಲ್ಲ, ಸೀಟಿಲ್ಲ, ಗಾಜಿಲ್ಲ. ನಾಲ್ಕು ಕಲ್ಲಿನ ಮೇಲೆ ಕೂತ ಬರೀ ತಗಡು. ಮಾರುವವನ ಬಾಯಲ್ಲಿ ಮಾತ್ರ ಅದೇ ಹಳೆ ಪಾಠ: "ಬಾಡಿ ಗಟ್ಟಿ ಐತೆ ಸ್ವಾಮಿ. ಅಲ್ಲೊಂದು ಇಲ್ಲೊಂದು ತುಂಡು ಹಾಕಿದ್ರೆ ಮುಗೀತು."

ಮುಗಿಯುತ್ತದೆಯೋ, ಅಲ್ಲಿಂದಲೇ ಶುರುವಾಗುತ್ತದೆಯೋ ಎಂಬುದೇ ಪ್ರಶ್ನೆ. ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ದುಡ್ಡು ತೆಗೆಯುವ ಮೊದಲು ಇದಕ್ಕೆ ಉತ್ತರ ಕಂಡುಕೊಳ್ಳುವುದು ಲೇಸು.

ಬಸ್ಸಿನ ಲೆಕ್ಕ ಇಲ್ಲಿ ನಡೆಯದು

ಹೊಸ ಬಸ್ಸಿನ ಬರೀ ಚಾಸಿ ಹೆದ್ದಾರಿಯಲ್ಲಿ ಹೋಗುವುದನ್ನು ಎಲ್ಲರೂ ನೋಡಿದ್ದಾರೆ. ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು ಬಿಸಿಲಲ್ಲೇ ಓಡಿಸುತ್ತಿರುತ್ತಾನೆ. ಅದರ ಮೇಲೆ ಬಾಡಿ ಕಟ್ಟುವುದು ಆಮೇಲಿನ ಕೆಲಸ. ನಾಳೆ ಬಾಡಿ ತುಕ್ಕು ಹಿಡಿದರೆ ಬಿಚ್ಚಿ ಬೇರೆ ಕಟ್ಟಬಹುದು. ಕೆಳಗಿನ ಚಾಸಿ ಗಟ್ಟಿಯಾಗಿದ್ದರೆ ಬಸ್ಸು ಉಳಿಯಿತು.

ಬಹಳಷ್ಟು ಸ್ಪೋರ್ಟ್ಸ್ ಕಾರುಗಳಲ್ಲಿ ಹಾಗಲ್ಲ. ಇಂಗ್ಲೆಂಡಿನ ಎಂಜಿ ಕಂಪನಿಯ 'ಎಂಜಿಬಿ' ಕಾರನ್ನೇ ನೋಡಿ. 1962ರಿಂದ 1980ರವರೆಗೆ ಆಬಿಂಗ್ಡನ್ ಊರಿನ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಮಿಕ್ಕಿ ಹೊರಬಂದ ಕಾರು ಇದು. ಇದಕ್ಕಿಂತ ಹಿಂದಿನ 'ಎಂಜಿಎ'ಗೆ ಬೇರೆ ಚಾಸಿ ಇತ್ತು. ಎಂಜಿಬಿಗೆ ಇಲ್ಲ. ತಗಡನ್ನು ಮಡಚಿ, ಪೆಟ್ಟಿಗೆಯಂತೆ ಬೆಸೆದು, ಬಾಡಿಯನ್ನೇ ಚಾಸಿ ಮಾಡಿದ್ದಾರೆ. ಬಾಡಿ ಕೊಳೆತರೆ ಚಾಸಿಯೇ ಕೊಳೆತಂತೆ.

ಅದರಲ್ಲೂ ಮೇಲೆ ಛಾವಣಿಯಿಲ್ಲದ ತೆರೆದ ಕಾರಾದರೆ ಭಾರವೆಲ್ಲ ಬೀಳುವುದು ಎರಡು ಬಾಗಿಲುಗಳ ಕೆಳಗೆ ಉದ್ದಕ್ಕೆ ಹಾದುಹೋಗುವ ಪಟ್ಟಿಯ ಮೇಲೆ. ಇಂಗ್ಲಿಷರು ಇದಕ್ಕೆ 'ಸಿಲ್' ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಹೊಸ್ತಿಲು. ನೋಡಲು ಒಂದೇ ತಗಡು. ಒಳಗೆ ಪದರದ ಮೇಲೆ ಪದರ. ಹೊರಗಿನದೊಂದು, ನಡುವೆ ಒಂದು, ಒಳಗಿನದೊಂದು, ಅಡಿಯಲ್ಲಿ ಮತ್ತೊಂದು. ಈ ಪದರಗಳ ನಡುವೆ ಮಳೆನೀರು, ಕೆಸರು ಸೇರಿ ವರ್ಷಗಟ್ಟಲೆ ಕೂತರೆ ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಹೊರಗೆ ಬಣ್ಣದ ಮೇಲೆ ಗುಳ್ಳೆ ಎದ್ದು ಕಾಣುವ ಹೊತ್ತಿಗೆ ಒಳಗೆ ಕಥೆ ಮುಗಿದಿರುತ್ತದೆ.

ಎಲ್ಲಿ ನೋಡಬೇಕು?

ಹೊಸದಾಗಿ ಬಣ್ಣ ಬಳಿದ ಬಾಡಿಗಿಂತ ಬಣ್ಣ ಕಿತ್ತ ಬಾಡಿ ಮೇಲು. ಕೀಲೆಣ್ಣೆಯಂಥ ಕಪ್ಪು ಲೇಪ ದಪ್ಪಗೆ ಮೆತ್ತಿದ್ದರಂತೂ ಅನುಮಾನ ಪಡಲೇಬೇಕು. ಮೊದಲ ಆಯುಧ ಒಂದು ಅಯಸ್ಕಾಂತ. ತಗಡಿದ್ದ ಕಡೆ ಅಂಟಿಕೊಳ್ಳುತ್ತದೆ, ಪುಟ್ಟಿ ತುಂಬಿದ ಕಡೆ ಜಾರಿ ಬೀಳುತ್ತದೆ. ಎರಡನೆಯದು ಸ್ಕ್ರೂಡ್ರೈವರ್. ಹೊಸ್ತಿಲ ಅಡಿಯಲ್ಲಿ, ನೆಲದ ತಗಡಿನ ಅಂಚಿನಲ್ಲಿ ಒತ್ತಿ ನೋಡಿದರೆ ಗಟ್ಟಿ ಲೋಹ ಟಣ್ ಎನ್ನುತ್ತದೆ, ಕೊಳೆತದ್ದು ಕುಸಿಯುತ್ತದೆ. ಒತ್ತಿ ನೋಡಲು ಮಾಲೀಕ ಬಿಡಲಿಲ್ಲವೋ, ಅದೇ ಒಂದು ಉತ್ತರ.

ಎಂಜಿಬಿಯಲ್ಲಿ ನೋಡಲೇಬೇಕಾದ ಜಾಗಗಳು ಇಂತಿಷ್ಟು ಎಂದು ಬಲ್ಲವರು ಗುರುತು ಮಾಡಿದ್ದಾರೆ. ಮುಂದಿನ ಮಡ್ಗಾರ್ಡಿನ ಒಳಗೆ, ಬಾಗಿಲ ಕೀಲಿಗೆ ಹತ್ತಿರ, ಕೆಸರು ಸೇರುವ ಮೂಲೆ. ಕೀಲು ನಿಂತ ಕಂಬದ ಬುಡ. ಜ್ಯಾಕ್ ಕೊಡುವ ಜಾಗ. ಹಿಂದಿನ ಪಟ್ಟೆ ಸ್ಪ್ರಿಂಗ್ ನೇತಾಡುವ ಕಡೆ. ಸೀಟುಗಳ ಹಿಂದೆ ಬ್ಯಾಟರಿ ಇಡುವ ಗೂಡು ಇನ್ನೊಂದು. 1974ರ ತನಕ ಈ ಕಾರಿಗೆ ಆರು ವೋಲ್ಟಿನ ಎರಡು ಬ್ಯಾಟರಿ ಇರುತ್ತಿದ್ದವು. ಆಸಿಡ್ ಚೆಲ್ಲಿ ಗೂಡುಗಳು ತೂತು ಬಿದ್ದ ಕಾರುಗಳಿಗೆ ಲೆಕ್ಕವಿಲ್ಲ.

ಮುಖ್ಯ ಮೋಸ ನಡೆಯುವುದು ಹೊಸ್ತಿಲಲ್ಲೇ. ಕೊಳೆತ ಪಟ್ಟಿಯನ್ನು ಕತ್ತರಿಸಿ ತೆಗೆಯದೆ, ಅದರ ಮೇಲೇ ಹೊಸ ತಗಡು ಹೊದಿಸಿ ವೆಲ್ಡಿಂಗ್ ಹೊಡೆದು ಬಣ್ಣ ಬಳಿಯುತ್ತಾರೆ. ಸರಿಯಾಗಿ ಮಾಡಬೇಕೆಂದರೆ ಮುಂದಿನ ಮಡ್ಗಾರ್ಡ್ ಬಿಚ್ಚಬೇಕು. ಅದು ಬೋಲ್ಟಿನದು, ಬಿಚ್ಚಬಹುದು. ಹಿಂದಿನದು ಬೆಸೆದದ್ದು. ಹೊಸ್ತಿಲ ತುದಿ ಅದರ ಒಳಗೆ ಅಡಗಿರುವುದರಿಂದ ಅದರ ಕೆಳಭಾಗ ಕತ್ತರಿಸದೆ ವಿಧಿಯಿಲ್ಲ. ಅಗ್ಗದ ಕೆಲಸಗಾರ ಇಷ್ಟೆಲ್ಲ ಮಾಡುವುದಿಲ್ಲ. ಹೊರಗೆ ಥಳಕು, ಒಳಗೆ ಹುಳುಕು ಅಂತ ಹಿರಿಯರು ಹೇಳಿದ್ದು ಇದಕ್ಕೇ.

ಗಾರೆ ಮೇಸ್ತ್ರಿಯ ಅಳತೆ

ತುಕ್ಕಿಗಿಂತ ದೊಡ್ಡ ಶತ್ರು ಸೊಟ್ಟ. ತುಕ್ಕು ಹಿಡಿದ ಜಾಗಕ್ಕೆ ತಗಡು ಹಾಕಬಹುದು. ಇಡೀ ಬಾಡಿ ಸೊಟ್ಟಗಾಗಿದ್ದರೆ ಎಷ್ಟು ತಗಡು ಹಾಕಿಯೂ ಸುಖವಿಲ್ಲ. ಬಾಗಿಲು ಕೂರುವುದಿಲ್ಲ, ಗಾಜು ಕೂರುವುದಿಲ್ಲ, ಕಾರು ರಸ್ತೆಯಲ್ಲಿ ಒಂದು ಕಡೆ ಎಳೆಯುತ್ತದೆ.

ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಮನೆಯ ಪಾಯ ಹಾಕುವಾಗ ಮೇಸ್ತ್ರಿ ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡೂ ಅಳತೆ ಸಮ ಇದೆಯೇ ನೋಡುತ್ತಾನಲ್ಲ, ಹಾಗೇ. ಬಾಡಿಯನ್ನು ಮಟ್ಟಸವಾಗಿ ನಿಲ್ಲಿಸಿ, ಸ್ಪ್ರಿಂಗ್ ಮತ್ತು ಸಸ್ಪೆನ್ಷನ್ ಕೂರುವ ತೂತುಗಳಿಂದ ತೂಕದ ಗುಂಡು ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಅಡ್ಡಡ್ಡ ಅಳೆದರೆ ಸತ್ಯ ಹೊರಬೀಳುತ್ತದೆ. ಬಾಗಿಲು ತೂಗುಹಾಕಿದ್ದರೆ ಇನ್ನೂ ಸುಲಭ. ಬಾಗಿಲ ಹಿಂದಿನ ಸಂದು ಕೆಳಗೆ ಅಗಲ, ಮೇಲೆ ಕಿರಿದು ಆಗಿದ್ದರೆ ಬಾಡಿ ನಡುವೆ ಕುಸಿದಿದೆ ಅಂತ ತಿಳಿಯಬೇಕು.

ಎಷ್ಟೋ ಬಾಡಿಗಳು ಕುಸಿದಿರುವುದು ಅಪಘಾತದಿಂದಲ್ಲ, ರಿಪೇರಿಯಿಂದ! ಅಡ್ಡಕ್ಕೆ ಕಬ್ಬಿಣದ ಕಂಬಿ ಬೆಸೆದು ಭದ್ರ ಮಾಡದೆ, ಎರಡೂ ಕಡೆಯ ಹೊಸ್ತಿಲನ್ನು ಒಟ್ಟಿಗೆ ಕತ್ತರಿಸಿದರೆ ಬಾಡಿ ತನ್ನ ಭಾರಕ್ಕೇ ಮಣಿಯುತ್ತದೆ. ಅರ್ಧಕ್ಕೆ ನಿಂತ ಕೆಲಸ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ: "ಹಿಂದಿನವರು ಯಾಕೆ ನಿಲ್ಲಿಸಿದರು?"

ಹೊಸ ಬಾಡಿಯೇ ಸಿಕ್ಕಿದಾಗ

ಇಂಗ್ಲೆಂಡಿನಲ್ಲಿ 1988ರಲ್ಲಿ ಒಂದು ವಿಶೇಷ ನಡೆಯಿತು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಎಂಜಿಬಿಯ ಹಳೆ ಅಚ್ಚುಗಳನ್ನು ಹುಡುಕಿ ತೆಗೆದು ಹೊಚ್ಚ ಹೊಸ ಬಾಡಿಗಳನ್ನೇ ಮತ್ತೆ ತಯಾರಿಸತೊಡಗಿತು. ಕಾರು ನಿಂತು ಎಂಟು ವರ್ಷದ ಮೇಲೆ ಅದರ ಬಾಡಿ ಮತ್ತೆ ಹುಟ್ಟಿತು. ಅಲ್ಲಿಂದಾಚೆಗೆ ಅಲ್ಲಿಯವರ ಲೆಕ್ಕ ಸರಳ. ಕೊಳೆತ ಬಾಡಿಗೆ ತಿಂಗಳುಗಟ್ಟಲೆ ಕೂಲಿ ಸುರಿಯುವುದು ಹೆಚ್ಚೋ, ಹೊಸ ಬಾಡಿ ತರುವುದು ಹೆಚ್ಚೋ? ಹೊಸದು ಅಗ್ಗವೇನಲ್ಲ, ಆದರೆ ಅದರ ಬೆಲೆ ಮೊದಲೇ ಗೊತ್ತಿರುತ್ತದೆ. ಕೊಳೆತದ್ದರ ಬೆಲೆ ಕೊನೆಯ ತಗಡು ಕೀಳುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಎಲ್ಲ ಕಾರಿಗೂ ಒಂದೇ ಲೆಕ್ಕವೂ ಅಲ್ಲ. ಲೋಟಸ್ ಎಲಾನ್ ಬಾಡಿ ಫೈಬರ್ ಗ್ಲಾಸಿನದು, ತುಕ್ಕು ಹಿಡಿಯದು. ಅದರ ಒಳಗಿನ ಉಕ್ಕಿನ ಬೆನ್ನೆಲುಬನ್ನೇ ಬದಲಾಯಿಸಬಹುದು. 1961ರ ಜಾಗ್ವಾರ್ ಇ-ಟೈಪ್ ಮಾದರಿಗೆ ಮಾರುಕಟ್ಟೆಯಲ್ಲಿ ಬರುವ ಬೆಲೆಗೆ, ಪೂರಾ ಹಾಳಾದ ಬಾಡಿಯನ್ನೂ ಎತ್ತಿ ನಿಲ್ಲಿಸುವವರಿದ್ದಾರೆ. ಎಂಜಿಬಿಯಂಥ ಲಕ್ಷಗಟ್ಟಲೆ ತಯಾರಾದ ಕಾರಿಗೆ ಸಾಮಾನ್ಯವಾಗಿ ಹಾಕಿದ ದುಡ್ಡು ಹುಟ್ಟುವುದಿಲ್ಲ. ಪ್ರೀತಿಗೆ ಮಾಡಿದರೆ ಮಾಡಿ, ಲಾಭಕ್ಕೆ ಬೇಡ.

ಬಿಡಿಭಾಗದ ಮಾತೂ ಹಾಗೇ. ಎಂಜಿಬಿಗೆ ಇವತ್ತಿಗೂ ಬಹುಮಟ್ಟಿಗೆ ಎಲ್ಲ ಸಿಗುತ್ತದೆ. ಅಪರೂಪದ ಕಾರಿಗೆ ಗಾಜಿನ ಚೌಕಟ್ಟು, ಬಾಗಿಲ ಹಿಡಿ, ಟಾಪಿನ ಕಂಬಿ ಎಂಬ ಸಣ್ಣಪುಟ್ಟ ಸಾಮಾನಿಗೇ ಜೀವಮಾನ ಸವೆಯುತ್ತದೆ. ಆನೆ ಕೊಂಡವನು ಅಂಕುಶಕ್ಕೆ ಅಲೆದ ಹಾಗೆ.

ಕಾಗದ ಇಲ್ಲದಿದ್ದರೆ?

ಎಂಜಿನ್ ಒಂದಿದ್ದರೆ ಸಾಕು, ಬಾಡಿ ಏನು ಮಹಾ ಎನ್ನುವವರು ಒಂದು ಮಾತು ಕೇಳಬೇಕು. ಬ್ರಿಟನ್ನಿನಲ್ಲಿ ಬಹಳ ಬದಲಾವಣೆ ಮಾಡಿದ ಹಳೆ ವಾಹನ ತನ್ನ ಹಳೆ ನಂಬರನ್ನೇ ಉಳಿಸಿಕೊಳ್ಳಬೇಕಾದರೆ ಎಂಟು ಅಂಕ ಗಳಿಸಬೇಕೆಂಬ ನಿಯಮ ಬಹುಕಾಲ ಇತ್ತು. 2025ರಲ್ಲಿ ಅದನ್ನು ಸಡಿಲಿಸಿದರು. ಆ ಲೆಕ್ಕದಲ್ಲಿ ಚಾಸಿ ಅಥವಾ ಬಾಡಿಗೆ 5 ಅಂಕ. ಗೇರ್ ಬಾಕ್ಸ್, ಸ್ಟಿಯರಿಂಗ್, ಆಕ್ಸಲ್, ಸಸ್ಪೆನ್ಷನ್‌ಗೆ ತಲಾ 2. ಎಂಜಿನ್ನಿಗೆ ಬರೀ 1!

ನಮ್ಮಲ್ಲಿ ನಿಯಮ ಇನ್ನೂ ಬಿಗಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಿಂಟೇಜ್ ವಾಹನ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಬಾಡಿಗೆಗೆ ಓಡಿಸದ ವಾಹನಕ್ಕೆ ಮಾತ್ರ ಈ ಪಟ್ಟ. ವಾಹನ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಶೆಲ್, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಕೂಡದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಬಾಳಿಕೆ, ನವೀಕರಣಕ್ಕೆ 5,000. ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಅಕ್ಷರ. ಅಷ್ಟಾದರೂ ದಿನಾ ಸಂತೆಗೆ, ಅಂಗಡಿಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಮಾತ್ರ.

ಅಂದರೆ, ಹೊಸ ಬಾಡಿ ತರಿಸಿ ಹಳೆ ಹೆಸರು ಉಳಿಸಿಕೊಳ್ಳುವ ಇಂಗ್ಲೆಂಡಿನ ದಾರಿ ಇಲ್ಲಿ ಸುಲಭವಲ್ಲ. ಹಳೆ ಬಾಡಿಯೇ ಇಲ್ಲಿ ಆಸ್ತಿ. ಅದರ ಹಳೆ ಆರ್.ಸಿ. ಪುಸ್ತಕ, ಹೊರದೇಶದಿಂದ ಬಂದಿದ್ದರೆ ಕಸ್ಟಮ್ಸ್ ಕಾಗದ, ಇವು ಆ ಆಸ್ತಿಯ ಪಹಣಿ ಇದ್ದ ಹಾಗೆ. ಬಾಡಿಯ ಮೇಲಿನ ನಂಬರು ಕಾಗದದ ನಂಬರಿಗೆ ತಾಳೆಯಾಗಬೇಕು. ರಿವೆಟ್ ಹೊಡೆದ ನಂಬರ್ ತಗಡನ್ನು ಒಂದರಿಂದ ಕಿತ್ತು ಇನ್ನೊಂದಕ್ಕೆ ಹೊಡೆಯುವುದು ಐದು ನಿಮಿಷದ ಕೆಲಸ. ರಿವೆಟ್ ಹೊಸದಾಗಿ ಹೊಳೆಯುತ್ತಿದ್ದರೆ ಆ ಜಾಗ ಬಿಟ್ಟು ಬರುವುದು ಕ್ಷೇಮ.

ಕೊನೆಗೆ ಏನು ಮಾಡಬೇಕು?

ಹೊರಗಿನ ತಗಡು ತೂತಾಗಿದ್ದರೂ ಪರವಾಗಿಲ್ಲ, ಹೊಸ್ತಿಲ ಒಳಪದರ ಉಳಿದಿದ್ದು, ಅಡ್ಡ ಅಳತೆ ಸಮ ಬಂದು, ಕಾಗದ ತಾಳೆಯಾದರೆ ಆ ಬಾಡಿಗೆ ಕೈಹಾಕಬಹುದು. ಕಾಗದವೊಂದು ಇಲ್ಲದಿದ್ದರೆ ಬಿಡಿಭಾಗದ ಬೆಲೆಗೆ ಮಾತ್ರ ತೆಗೆದುಕೊಳ್ಳಬೇಕು. ಅಳತೆ ತಪ್ಪಿದ್ದರೆ, ಬೆಲೆ ಎಷ್ಟು ಇಳಿಸಿದರೂ ದೂರವಿರಬೇಕು.

ಇಷ್ಟು ನೋಡಿದ ಮೇಲೂ ಒಂದು ಕೆಲಸ ಬಾಕಿ. ಟಿಂಕರಿಂಗ್, ಬಣ್ಣ, ಬಿಡಿಭಾಗ ಎಂದು ಮೂರು ಕಾಲಂ ಹಾಕಿ ಅಂದಾಜು ಬರೆಯಬೇಕು. ಅದೇ ಮಾದರಿಯ ಓಡುವ ಕಾರಿನ ಬೆಲೆ ಪಕ್ಕದಲ್ಲಿ ಬರೆಯಬೇಕು. ವ್ಯಾಪಾರ ಮಾಡುವವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ. ಅಂಗಡಿಯ ಮಾಲಿಗೆ ದಿನಾ ಹಾಕುವ ಲೆಕ್ಕವನ್ನೇ ಕಲ್ಲಿನ ಮೇಲೆ ಕೂತ ಈ ತಗಡಿಗೂ ಹಾಕಿ, ಆಮೇಲೆ ಅಡ್ವಾನ್ಸ್ ಕೊಟ್ಟರಾಯಿತು.