ಮಗಳ ಲೆಕ್ಕಕ್ಕೆ ಅಮ್ಮನ ಕೈ ಬೇಡ

ಸೋದರಿಯರೇ, ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಗಣಿತದ ನೂರು ಅಂಕವೂ ಪರೀಕ್ಷೆಯ ಹಾಲ್‌ನಲ್ಲೇ. 2015ರಿಂದ ಹಾಗಿಲ್ಲ. ಬರೆಯುವುದು 80ಕ್ಕೆ, ಉಳಿದ 20 ವರ್ಷವಿಡೀ ಶಾಲೆಯಲ್ಲಿ ನಡೆಯುವ ಕಿರುಪರೀಕ್ಷೆ, ಚಟುವಟಿಕೆ, ಪ್ರಾಜೆಕ್ಟುಗಳಿಂದ.

ಮಗಳ ಮೊದಲ ಪ್ರಾಜೆಕ್ಟನ್ನು ರಾತ್ರಿಯೆಲ್ಲ ಕೂತು ನಾನೇ ಅಂಟಿಸಿ ಕೊಟ್ಟೆ. ಮೇಷ್ಟ್ರು ‘ಈ ಘನಫಲ ಹೆಂಗ ಬಂತವ್ವಾ?’ ಎಂದರೆ ಹುಡುಗಿಗೆ ಬಾಯೇ ಇಲ್ಲ! ಮನೆಗೆ ಬಂದು ಅತ್ತಳು. ತಪ್ಪು ನನ್ನದೇ.

ಮುಂದಿನ ಸಲ ಜೋಳ ಅಳೆಯುವ ಸೇರನ್ನು ಅವಳ ಕೈಗಿಟ್ಟೆ. ಒಳಗಿನ ಅಗಲ, ಎತ್ತರ ಅಳೆದು ಸಿಲಿಂಡರಿನ ಘನಫಲ ತಾನೇ ತೆಗೆದಳು. ನೀರು ತುಂಬಿ, ಲೀಟರಿನ ಮಾಪಿಗೆ ಸುರಿದು ತಾಳೆ ನೋಡಿದಳು. ಈಗ ಕೇಳಿ, ಪಟಪಟ ಹೇಳುತ್ತಾಳೆ!

ಸಾಮಾನು ನೀವು ಒದಗಿಸಿರಿ. ಕತ್ತರಿ, ಸ್ಕೇಲು ಮಕ್ಕಳ ಕೈಯಲ್ಲೇ ಇರಲಿ. ಆ 80ರ ಉತ್ತರ ಬರೆಯುವಾಗ ಪಕ್ಕದಲ್ಲಿ ನಾವಿರುವುದಿಲ್ಲ, ಅಲ್ಲವೇ?