ತುದಿಗೂದಲಿನ ವಯಸ್ಸು

ಸೊಂಟದವರೆಗೆ ಇಳಿದ ಜಡೆಯ ತುದಿಗೆ ಎಷ್ಟು ವಯಸ್ಸಿರಬಹುದು? ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. 60 ಸೆಂ.ಮೀ. ಉದ್ದವಿದ್ದರೆ ತುದಿಗೆ ಐದು ವರ್ಷ. ವಾರಕ್ಕೆರಡು ಸಲ ತಲೆಗೆ ನೀರು ಹಾಕಿಕೊಳ್ಳುವವರಾದರೆ ಆ ತುದಿ ಐನೂರು ಸ್ನಾನ ಕಂಡಿದೆ. ಬುಡದ ಕೂದಲೋ, ಮೊನ್ನೆ ಮೊನ್ನೆ ಹೊರಬಂದದ್ದು. ಎರಡಕ್ಕೂ ಒಂದೇ ಉಪಚಾರ ಮಾಡಿದರೆ ಹೇಗೆ?

ಚರ್ಮ ದಾಟಿ ಬಂದ ಕೂದಲಿಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಸವೆದರೆ ಸವೆಯಿತು, ಮತ್ತೆ ಮಾಯುವುದಿಲ್ಲ. ಎಳೆಯ ಹೊರಮೈ ತುಂಬ ತೆಳು ಹುರುಪೆಗಳಿವೆ. ಮಾಡಿಗೆ ಮಂಗಳೂರು ಹಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿರುತ್ತವೆ, ಅಂಚೆಲ್ಲ ತುದಿಯ ಕಡೆಗೆ. ಒಂದು ಕೂದಲನ್ನು ಬುಡದಿಂದ ತುದಿಗೆ ಸವರಿ ನೋಡಿ, ನುಣುಪು. ತುದಿಯಿಂದ ಬುಡಕ್ಕೆ ಸವರಿ, ತರಿತರಿ. ನೀರು ಹೀರಿದಾಗ ಎಳೆ ಉಬ್ಬಿ ಹುರುಪೆಗಳ ಅಂಚು ಮೇಲೇಳುತ್ತದೆ, ಒಳಗಿನ ಹೈಡ್ರೋಜನ್ ಬಂಧಗಳು ಸಡಿಲವಾಗುತ್ತವೆ. ಅಂದರೆ ಕೂದಲು ಅತಿ ದುರ್ಬಲವಾಗಿರುವುದು ಬಚ್ಚಲಿನಿಂದ ಈಚೆ ಬಂದ ಗಳಿಗೆಯಲ್ಲೇ. ನಾವು ಟವೆಲಿನಲ್ಲಿ ಗಸಗಸ ಉಜ್ಜುವುದೂ, ಸಿಕ್ಕು ಎಳೆಯುವುದೂ ಸರಿಯಾಗಿ ಆಗಲೇ! ಸಿಕ್ಕನ್ನು ಸ್ನಾನಕ್ಕೆ ಮೊದಲೇ ಬಿಡಿಸಬೇಕು. ಆಮೇಲೆ ತೆಳು ಬಟ್ಟೆ ಸುತ್ತಿ ನೀರು ಹಿಂಡಿಕೊಂಡರೆ ಸಾಕು.

ತೊಳೆಯಬೇಕಾದದ್ದು ಮುಖ್ಯವಾಗಿ ನೆತ್ತಿಯನ್ನು. ಜಿಡ್ಡು ಸ್ರವಿಸುವ ಗ್ರಂಥಿಗಳಿರುವುದು ಅಲ್ಲಿ. ಆ ಜಿಡ್ಡನ್ನು ತಿಂದು ಬದುಕುವ, ಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಶಿಲೀಂಧ್ರ ಇರುವುದೂ ಅಲ್ಲಿಯೇ. ಶಾಂಪೂವನ್ನು ನೀರಿನಲ್ಲಿ ಕದಡಿ, ಉಗುರು ತಾಗಿಸದೆ ಬೆರಳ ತುದಿಯಿಂದ ನೆತ್ತಿಗೆ ತಿಕ್ಕಿ. ಉದ್ದಗೂದಲಿಗೆ ಅಲ್ಲಿಂದ ಇಳಿದು ಬಂದ ನೊರೆಯೇ ಬೇಕಾದಷ್ಟಾಯಿತು. ನೊರೆ ಹೆಚ್ಚಾದಷ್ಟೂ ಕೊಳೆ ಹೋಗುತ್ತದೆ ಎಂಬುದು ಬರೀ ಭ್ರಮೆ.

ಮೈಸೋಪು ಮಾತ್ರ ತಲೆಗೆ ಬೇಡ. ಅದು ಕ್ಷಾರ, ಹುರುಪೆಗಳನ್ನು ಇನ್ನಷ್ಟು ಎಬ್ಬಿಸುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರಾದರಂತೂ ಮುಗಿಯಿತು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಸೇರಿ ಕರಗದ ಗಸಿಯಾಗಿ ಕೂದಲಿಗೆ ಮೆತ್ತಿಕೊಳ್ಳುತ್ತವೆ. ಶಾಂಪೂವಿನ ಮಾರ್ಜಕಗಳು ಹೀಗೆ ಗಸಿ ಕಟ್ಟುವುದಿಲ್ಲ. ಸೀಗೆಕಾಯಿ, ಅಂಟುವಾಳಗಳಲ್ಲಿ ಜಿಡ್ಡು ಬಿಡಿಸುವುದು ಸಪೋನಿನ್. ಸೀಗೆಯ ರಸ ತುಸು ಆಮ್ಲೀಯವೂ ಹೌದು. ಆದರೆ ಪುಡಿ ತರಿಯಾಗಿದ್ದರೆ ಅದೇ ಕೂದಲನ್ನು ಕೆರೆಯುತ್ತದೆ, ಆದ್ದರಿಂದ ಸೋಸಿದ ರಸವೇ ಮೇಲು. ಮಲೆನಾಡಿನವರು ದಾಸವಾಳದ ಎಲೆ ಕಿವುಚಿ ತೆಗೆಯುವ ಲೋಳೆ ಎಳೆಗಳ ನಡುವಿನ ತಿಕ್ಕಾಟ ತಗ್ಗಿಸುತ್ತದೆ. ಅಂಗಡಿಯ ಕಂಡೀಷನರ್‌ದೂ ಇದೇ ಕೆಲಸ, ದಾರಿ ಬೇರೆ: ಅದರ ಧನಾವೇಶದ ಅಣುಗಳು ಸವೆದ ಕೂದಲಿನ ಋಣಾವೇಶಕ್ಕೆ ಅಂಟಿಕೊಳ್ಳುತ್ತವೆ. ಅದನ್ನು ಹಚ್ಚಬೇಕಾದದ್ದು ತುದಿಗೆ, ನೆತ್ತಿಗಲ್ಲ.

ಎರೆದುಕೊಳ್ಳುವ ಮುನ್ನ ಎಣ್ಣೆ ಹಚ್ಚುವ ರೂಢಿಗೆ ಗಟ್ಟಿ ಆಧಾರವಿದೆ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೊಳೆಯುವಾಗಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರ ಲಾರಿಕ್ ಆಮ್ಲದ ಕಿರಿದಾದ, ನೇರ ಸರಪಳಿ ಎಳೆಯ ಒಳಗೂ ಇಳಿಯುತ್ತದೆ.

ತಲೆಗೆ ನೀರು ಬಿದ್ದರೆ ಕೂದಲು ಉದುರುತ್ತದೆಂದು ಹೆದರಿ ಸ್ನಾನ ಮುಂದೂಡುವವರಿದ್ದಾರೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬುಡ ಕಳಚಿದ ಎಷ್ಟೋ ಕೂದಲು ಮಿಕ್ಕವುಗಳ ನಡುವೆ ಸಿಕ್ಕಿಕೊಂಡೇ ಇರುತ್ತವೆ. ವಾರಕ್ಕೊಮ್ಮೆ ತೊಳೆದರೆ ವಾರದ್ದೆಲ್ಲ ಒಟ್ಟಿಗೆ ಬಚ್ಚಲ ಜಾಲರಿಗೆ ಬರುತ್ತದೆ, ಅಷ್ಟೇ.