ಮೀನುಗಳ ವಲಸೆ: ಖರಾಡಿ ಪಕ್ಕದ ನದಿಗೂ ಕಾವೇರಿಗೂ ಏನು ನಂಟು?

ಪುಣೆಯ ಖರಾಡಿ ಎಂದರೆ ತಟ್ಟನೆ ನೆನಪಾಗುವುದು ಐಟಿ ಪಾರ್ಕ್‌ಗಳು. ಆದರೆ ಅದರ ಪಕ್ಕದಲ್ಲೇ ಹರಿಯುವ ಮುಳಾ-ಮುಠಾ ನದಿಗೆ ಮೀನುಗಳ ಅಧ್ಯಯನದಲ್ಲಿ ವಿಶೇಷ ಸ್ಥಾನವಿದೆ. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ 1839ರಲ್ಲಿ ನೀಲಿರೆಕ್ಕೆಯ ಮಹಶೀರ್ ಅನ್ನು ಜಗತ್ತಿಗೆ ಪರಿಚಯಿಸಿದ್ದು ಇದೇ ನದಿಯ ಮೀನು ನೋಡಿ. ಇದರ ವೈಜ್ಞಾನಿಕ ಹೆಸರು ಟಾರ್ ಖುದ್ರೀ. ಈ ನದಿಯ ನೀರು ಭೀಮೆಗೆ ಸೇರಿ, ಉಜನಿ ಜಲಾಶಯ ದಾಟಿ ಕರ್ನಾಟಕಕ್ಕೆ ಬಂದು, ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯ ಪಾಲಾಗುತ್ತದೆ.

ವಲಸೆ ಏಕೆ?

ಮಹಶೀರ್ ಒಂದೇ ಕಡೆ ನೆಲೆಸುವ ಮೀನಲ್ಲ. ಬೇಸಿಗೆಯಲ್ಲಿ ಆಳವಾದ ಮಡುಗಳಲ್ಲಿ ಉಳಿಯುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಪ್ರವಾಹಕ್ಕೆ ಎದುರಾಗಿ ಈಜಿ, ಆಮ್ಲಜನಕ ಹೆಚ್ಚಿರುವ ಜಲ್ಲಿಕಲ್ಲಿನ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ದಾರಿಯಲ್ಲಿ ಅಣೆಕಟ್ಟು ಅಥವಾ ಕೊಳಚೆ ನೀರು ಎದುರಾದರೆ ಸಂತಾನವೇ ನಿಲ್ಲುವ ಅಪಾಯವಿದೆ.

ಪತ್ತೆ ಹಚ್ಚುವುದು ಹೇಗೆ?

ಮೀನಿಗೆ ಪುಟ್ಟ ರೇಡಿಯೊ ಟ್ಯಾಗ್ ಅಳವಡಿಸಿ ಬಿಟ್ಟರೆ ಅದರ ಸಂಚಾರ ತಿಳಿಯುತ್ತದೆ. ಭೂತಾನ್‌ನಲ್ಲಿ ಬಂಗಾರದ ಮಹಶೀರ್ ಮೇಲೆ ಇಂಥ ಅಧ್ಯಯನ ನಡೆದಿದೆ. ಮೀನಿನ ಕಿವಿಯೊಳಗೆ ಪುಟ್ಟ ಕಲ್ಲಿನಂಥ ರಚನೆಯಿದ್ದು, ಮರದ ಕಾಂಡದಂತೆ ಅದರಲ್ಲೂ ಬೆಳವಣಿಗೆಯ ಉಂಗುರಗಳು ಮೂಡುತ್ತವೆ. ಅವುಗಳ ರಾಸಾಯನಿಕ ಅಂಶ ಪರೀಕ್ಷಿಸಿದರೆ ಮೀನು ಯಾವ ಬಗೆಯ ನೀರಿನಲ್ಲಿ ಬದುಕಿತ್ತು ಎಂಬುದರ ಸುಳಿವು ಸಿಗುತ್ತದೆ.

ಕಾವೇರಿ ಕಲಿಸಿದ ಪಾಠ

ಹೊಳೆಯಲ್ಲಿ ಮಹಶೀರ್ ಕಡಿಮೆಯಾದಾಗ ಮರಿಗಳನ್ನು ಬೆಳೆಸಿ ಬಿಡುವುದು ಸುಲಭದ ದಾರಿಯಾಗಿ ಕಂಡಿತು. ಲೋನಾವಳದ ಟಾಟಾ ಪವರ್ ಕೇಂದ್ರದಲ್ಲಿ ಬೆಳೆಸಿದ ಮರಿಗಳು ಕರ್ನಾಟಕಕ್ಕೂ ಬಂದವು. ಆದರೆ ಕಾವೇರಿಯಲ್ಲಿ ನೀಲಿರೆಕ್ಕೆಯ ಮಹಶೀರ್ ಹೆಚ್ಚಿದಂತೆ, ಅಲ್ಲಿನದೇ ಆದ ಡುಬ್ಬದ ಮಹಶೀರ್ ಕುಸಿದಿದ್ದನ್ನು ಗಾಳ ಹಾಕುವವರ ದಾಖಲೆಗಳನ್ನು ಆಧರಿಸಿದ ಅಧ್ಯಯನ ಬಯಲು ಮಾಡಿತು. ಇಂದು ಡುಬ್ಬದ ಮಹಶೀರ್ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನಲ್ಲಿದೆ.

ಇದು ಒಂದೆರಡು ನದಿಗಳ ಸಮಸ್ಯೆಯಲ್ಲ. ಜಗತ್ತಿನಲ್ಲಿ ಗಮನಕ್ಕೆ ಒಳಪಟ್ಟ ಸಿಹಿನೀರಿನ ವಲಸೆ ಮೀನುಗಳ ಸಂಖ್ಯೆ 1970ರಿಂದ 2020ರ ನಡುವೆ ಸರಾಸರಿ 81% ಕುಸಿದಿದೆ ಎಂದು 2024ರ ವರದಿಯೊಂದು ಹೇಳಿದೆ.

ಮರಿ ಬಿಡುವುದೊಂದೇ ಪರಿಹಾರವಲ್ಲ. ಕೊಳಚೆ ನೀರು ಶುದ್ಧೀಕರಣವಾಗಬೇಕು, ಮಳೆಗಾಲದಲ್ಲಿ ಹರಿವು ಉಳಿಯಬೇಕು, ಅಣೆಕಟ್ಟುಗಳಲ್ಲಿ ಸ್ಥಳೀಯ ಮೀನುಗಳ ಈಜುವ ಶಕ್ತಿಗೆ ಹೊಂದುವ ದಾರಿ ಇರಬೇಕು. ಮೀನು ಯಾವಾಗ, ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿದ್ದರೆ ಮಾತ್ರ ಇದೆಲ್ಲ ಸಾಧ್ಯ.